ಒಂದು ಮುಷ್ಟಿ ಅರಳಿ

ಮಾಬುನ್ನಿ,
ಮೂರು ತಾಸು ಕುಂತಿದ್ವಿ, ನಾನೂ ನಿಮ್ಮವ್ವಾ,
ಧಾರವಾಡದ ಆ ದೊಡ್ಡ ಸಭಾಭವನದಾಗ
ಹಿಂದಿನ ಸಾಲು, ಕಂಬದ ಮಗ್ಗಲು.
ಗದಗಿನಿಂದ ನಸುಕಿನ ಬಸ್ಸು ಹಿಡದು ಬಂದಿದ್ವಿ,
ಅಂಗಿಗೆ ಇಸ್ತ್ರಿ, ತಲಿಗೆ ಎಣ್ಣಿ.
ಆದ್ರೂ ಕಿವಿ ಸಂದ್ಯಾಗ ಒಂದೆಳಿ ಅರಳಿ ಉಳದಿತ್ತಂತ,
ಅಣ್ಣಿಗೇರಿ ದಾಟಿದ ಮ್ಯಾಲೆ ನಿಮ್ಮವ್ವ ನೋಡಿ ತಗದ್ಲು.

ಹೆಸರು ಕರೀತಾರಂತ ಕಾದಿದ್ದೆ.
ಬಂಗಾರದ ಪದಕದವರನ್ನ ಕರದ್ರು, ಒಬ್ಬೊಬ್ಬರನ್ನ.
ಆಮ್ಯಾಲೆ ಯಾರೋ ಇಂಗ್ಲಿಷಿನಾಗ ಏನೋ ಓದಿದ್ರು,
ನೀವು ನೂರಾರು ಮಂದಿ ಒಮ್ಮೆಲೇ ಎದ್ದು ನಿಂತ್ರಿ,
ಒಮ್ಮೆಲೇ ಕುಂತ್ರಿ.
ಅಷ್ಟಽ.
ಮುಗೀತಂತ.

ನಿಮ್ಮವ್ವಗ ಸಿಟ್ಟು ಬಂತು.
“ಎರಡು ವರ್ಷ ಓದಿಸಿ, ಒಂದ್ ಸಲ ಹೆಸರು ಕರಿಯಾಕ
ಇವರಿಗೇನು ಧಾಡಿ?” ಅಂದಾಕಿನಽ
ಎದ್ದು ನಿಂತು ತಾನಽ ಕೂಗಿದ್ಲು: ಮಾಬುನ್ನೀ!
ನಳಕ್ಕ ನೀರು ಬಂದಾಗ ಓಣ್ಯಾಗ ಕೂಗತಾಳಲ್ಲ, ಹಂಗ.
ಟೈ ಕಟ್ಟಿದವರು ಹೊಳ್ಳಿ ನೋಡಿದ್ರು.
ಕರೇ ಗೌನಿನ ಆ ರಾಶಿಯೊಳಗ
ಒಂದು ಟೊಪಗಿ ಮಾತ್ರ ಅಲುಗಾಡ್ತು.

ನನಗ ಅದಕ್ಕೂ ಮೊದ್ಲಽ ಗೊತ್ತಾಗಿತ್ತು ಬಿಡು.
ಎಡ ಹೆಗಲು ಒಂಚೂರು ಕೆಳಗ ಬಿಟ್ಟು ನಿಂದರತಿ ನೀ.
ಏಳನೇತ್ತಾ ಇದ್ದಾಗ
ಬೆಟಗೇರಿ ಸಂತಿತನಕ ತಲಿದಿಂಬಿನ ಗಂಟು ಹೊತ್ತದ್ದು ಅದು.
ಬ್ಯಾಡ ಅಂದ್ರೂ ಹೊತ್ತಿದ್ದಿ.
ಬ್ಯಾಡ ಅಂದಿದ್ನೋ ಇಲ್ಲೋ,
ಈಗ ನೆನಪಿಲ್ಲ.

ಸಂಖ್ಯಾಶಾಸ್ತ್ರ. ಏನಿರತೈತಿ ಅದರಾಗ ಅಂತ ಒಮ್ಮೆ ಕೇಳಿದ್ದೆ.
ನೀ ಅಂದಿ: ಅಪ್ಪಾ, ಒಂದ್ ಮುಷ್ಟಿ ತಗದು ನೋಡಿ
ಇಡೀ ಅಂಡಿಗಿ ಹೆಂಗೈತಿ ಅಂತ ಹೇಳೂದು,
ತಪ್ಪಿದ್ರ ಎಷ್ಟು ತಪ್ಪಬಹುದು ಅನ್ನೂದನ್ನೂ ಹೇಳೂದು.
ನಾ ನಕ್ಕೆ. ಇದಕ್ಕ ಯುನಿವರ್ಸಿಟಿ ಯಾಕ ಬೇಕು?
ಮೂವತ್ತು ವರ್ಷಾತು,
ಅಂಡಿಗಿ ಹೊಟ್ಟ್ಯಾಗ ಕೈ ಹಾಕಿ
ಎಳಿ ಎಷ್ಟುದ್ದ, ಕಸ ಎಷ್ಟು, ಹಸಿ ಎಷ್ಟು
ಕಣ್ಣು ಮುಚ್ಚಿ ಹೇಳಾಂವ ನಾನು.
ಆದ್ರ ಎಷ್ಟು ತಪ್ಪಬಹುದು ಅನ್ನೂದು,
ಅದನ್ನ ನನಗ ಯಾರೂ ಕಲಿಸಿರಲಿಲ್ಲ.
ರೊಕ್ಕ ಹ್ವಾದ ಮ್ಯಾಲೆ ಗೊತ್ತಾಗ್ತಿತ್ತು.

ಹಾಸ್ಟೆಲಿನ ಗಾದಿ ನೆನಪೈತೇನು?
ಮೊದಲನೇ ವಾರಾನ ಫೋನ್ ಮಾಡಿ ನಕ್ಕಿದ್ದಿ:
“ಅಪ್ಪಾ, ಮೂಲ್ಯಾಗ ಕೆಂಪು ದಾರದ ಮೂರು ಗಂಟು. ನಿಂದಽ ಕೈ.”
ಮರತಽ ಬಿಟ್ಟಿದ್ದೆ. ನೀ ಬಾಲವಾಡಿಗೆ ಹೋಗೂ ಮುಂದ
ಯಾರೋ ಗುತ್ತಿಗೆದಾರಗ ಅರವತ್ತು ಗಾದಿ ಹೊಲದು ಕೊಟ್ಟಿದ್ದೆ,
ಹನ್ನೆರಡರ ರೊಕ್ಕ ಇನ್ನೂ ಬರೂದೈತಿ.
ಎಷ್ಟು ಹುಡಿಗ್ಯಾರು ಅದರ ಮ್ಯಾಲೆ ಮಲಗಿ, ಎದ್ದು, ಪಾಸಾಗಿ ಹ್ವಾದ್ರೋ.
ನೀ ಮಲಗತಿ ಅಂತ ಗೊತ್ತಿದ್ರ
ಇನ್ನೊಂದಿಷ್ಟು ಅರಳಿ ತುಂಬತಿದ್ದೆ.

ನಿನ್ನ ತಮ್ಮನ ಮಾತೂ ಹೇಳಬೇಕು.
ಮೌಲಾಲಿಗೆ ಗೌನಿಲ್ಲ, ಟೊಪಗಿ ಇಲ್ಲ.
ಬಿ.ಕಾಂ.ದ ಕಡೀ ವಿಷಯ ಮೂರನೇ ಸಲಕ್ಕ ಪಾಸು.
ಕಾಲೇಜಿನ ಕಿಡಕ್ಯಾಗ ಸಹಿ ಮಾಡಿ ಇಸಗೊಂಡು ಬಂದಾಂವ
ಹಾಳಿ ನನ್ನ ಮುಂದಿಟ್ಟು, ನಾಚಿ, ಒಳಗ ಹ್ವಾದ.
ಅವತ್ತ ಓಣಿಗೆಲ್ಲಾ ಮಿರ್ಚಿ ತಿನಿಸಿದೆ ನಾ.
ಒಂದಽ ಏಟಿಗೆ ಅರಳೂ ಹತ್ತಿ ಇರತೈತಿ,
ಮೂರು ಸಲ ಹಿಂಜಿಸಿಕೊಂಡು ಅರಳೂ ಹತ್ತೀನೂ ಇರತೈತಿ.
ಗಾದ್ಯಾಗ ಹೊಕ್ಕ ಮ್ಯಾಲೆ
ಯಾವ ಬೆನ್ನಿಗೆ ಗೊತ್ತಾಗತೈತಿ?

ಹೊರಗ ಬೇವಿನ ಗಿಡದ ಬುಡಕ
ನಿನ್ನ ಸರ್ಟಿಫಿಕೇಟು ನನ್ನ ಕೈಯಾಗ ಕೊಟ್ಟಿ.
ಟಾವೆಲ್ಲಿಗೆ ಕೈ ಒರಸಿಕೊಂಡು ಹಿಡದೆ.
ನೀ ಬಳ್ಳಿಟ್ಟು ಓದಿ ತೋರಿಸಿದಿ:
ಮಾಬುನ್ನಿ ರಾಜೇಸಾಬ ನದಾಫ.
ನಡುವಿನ ಹೆಸರು ನಂದು!
ಮೂರನೇತ್ತಾ ಸಾಲಿ ಬಿಟ್ಟಾಂವ
ಟಿಕೀಟಿಲ್ಲದ ಹತ್ತಿ ನಡುವಿನ ಸೀಟಿನ್ಯಾಗ ಕುಂತಂಗಾತು.
ನಿಮ್ಮವ್ವ ಹಣಿಕಿ ಹಾಕಿ ಕೇಳಿದ್ಲು, “ನನ್ನ ಹೆಸರೆಲ್ಲಿ?”

ನೀ ಸುಮ್ಮನಾದಿ. ನಾನೂ ಸುಮ್ಮನಾದೆ.
ಆಕಿ ಗೌನಿನ ಅಂಚು ಬೆರಳಾಗ ತಿಕ್ಕಿ ನೋಡಿ
“ಹತ್ತಿ ಅಲ್ಲಿದು” ಅಂದು
ರೊಟ್ಟಿ ಗಂಟು ಬಿಚ್ಚಿದ್ಲು.

ಮುಂದೇನು ಮಾಡತಿ ಅಂತ ನಾ ಕೇಳಲಿಲ್ಲ, ಮಾಬುನ್ನಿ.
ಒಂದ್ ಮುಷ್ಟಿ ನೋಡೀನಿ,
ಅಂಡಿಗಿ ಹೆಂಗೈತಿ ಅಂತ ನಾ ಹೇಳಬಲ್ಲೆ.
ಎಷ್ಟು ತಪ್ಪಬಹುದು, ಅದನ್ನ ನೀ ಹೇಳು.
ಐದರೊಳಗ ಗೌನು ಹೊಳ್ಳಿ ಕೊಡಬೇಕಂತ
ನೀ ಆಗಲೇ ಪಾಳಿ ಹಚ್ಚಿ ನಿಂತಿದ್ದಿ,
ಎಡ ಹೆಗಲು ಒಂಚೂರು ಕೆಳಗ.